ವದಂತಿಯ ದಂಡಯಾತ್ರೆ: ಸಿಯಾಟಲ್ ಸೂಪರ್‌ಸೋನಿಕ್ಸ್‌ನ ಉದಯಾಸ್ತಮಾನ

ರಾಜಧಾನಿಗಳು ಸ್ಥಳಾಂತರಗೊಂಡ ಕಥೆಗಳನ್ನು ಕೇಳುತ್ತಲೇ ಬೆಳೆದವರು ನಾವು. 1565ರ ರಕ್ಕಸತಂಗಡಿಯ ಮಹಾಯುದ್ಧದ ಬಳಿಕ ತಿರುಮಲರಾಯನು ರಾಜಭಂಡಾರವನ್ನು ಆನೆಗಳ ಮೇಲೆ ಹೇರಿಸಿಕೊಂಡು ಪೆನುಕೊಂಡೆಯ ದಾರಿ ಹಿಡಿದಾಗ ಸಿಂಹಾಸನ ಹೋಯಿತೇ ಹೊರತು ಹಂಪೆಯ ಕೀರ್ತಿ ಅದರ ಬೆನ್ನು ಹತ್ತಿ ಹೋಗಲಿಲ್ಲ. ಅರಸೊತ್ತಿಗೆ ಒಂದೆಡೆ, ಅದರ ಪರಂಪರೆ ಮತ್ತೊಂದೆಡೆ ಉಳಿಯಬಹುದೆಂಬ ಈ ಸತ್ಯವನ್ನು ಬಲ್ಲ ನಮಗೆ, ಅಮೆರಿಕದ ವಾಯವ್ಯ ಅಂಚಿನ ಸಿಯಾಟಲ್ ನಗರದಲ್ಲಿ 2008ರಲ್ಲಿ ಘಟಿಸಿದ ವಿಯೋಗಪರ್ವವೊಂದು ಅನ್ಯವೆನಿಸಲಾರದು. ಮೈಕ್ರೋಸಾಫ್ಟ್, ಅಮೆಜಾನ್ ಸಂಸ್ಥೆಗಳಲ್ಲಿ ದುಡಿಯುತ್ತ ಅನೇಕ ಕನ್ನಡ ಕುಟುಂಬಗಳು ನೆಲೆ ಕಂಡುಕೊಂಡಿರುವ ಪ್ರದೇಶವೂ ಅದೇ. ಅಲ್ಲಿ ನೆಲೆ ತಪ್ಪಿದ್ದು ಅರಸುಮನೆತನವಲ್ಲ. ನಾಲ್ವತ್ತೊಂದು ಋತುಗಳ ಕಾಲ, ಬಹುಪಾಲು ಹಸಿರು-ಹೊನ್ನಿನ ವರ್ಣಗಳಲ್ಲಿ ಮೆರೆದ ಸೂಪರ್‌ಸೋನಿಕ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡ. ಅದನ್ನು ಹೊರಡಿಸಿದ್ದು ಸೋಲೂ ಅಲ್ಲ, ದಾರಿದ್ರ್ಯವೂ ಅಲ್ಲ. ಸಂಧಿವಿಗ್ರಹಗಳೆಲ್ಲಕ್ಕೂ ಮುಂಚೆ ಬಂದು ನಗರದ ಹೆಬ್ಬಾಗಿಲಲ್ಲಿ ಬೀಡುಬಿಟ್ಟದ್ದು ವದಂತಿ.

ಆ ಸಾಮ್ರಾಜ್ಯದ ರಾಜನೀತಿಯನ್ನು ಮೊದಲು ಅರಿಯಬೇಕು. 1946ರಲ್ಲಿ ಅಂಕುರಿಸಿ ಎನ್‌ಬಿಎ ಎಂಬ ಹೆಸರು ತಳೆದ ಆ ಲೀಗ್‌ನಲ್ಲಿ ತಂಡವು ಒಡೆಯನ ಸ್ವತ್ತು. ಅದು ಆಡುವ ಕ್ರೀಡಾಂಗಣ ಬಹುತೇಕ ನಗರದ್ದು. ತಂಡಗಳ ಸಂಖ್ಯೆಯನ್ನು ನಿರ್ಧರಿಸುವ ಅಧಿಕಾರ ಒಡೆಯರ ಮಂಡಳಿಯದು. ತಂಡಗಳಿಗಿಂತ ತಂಡ ಬಯಸುವ ನಗರಗಳೇ ಸದಾ ಹೆಚ್ಚಿರುವಂತೆ ನೋಡಿಕೊಂಡರೆ ಸಾಕು, ಬಯಸಿ ಕಾದಿರುವ ನಗರದ ಹೆಸರೇ ಪಡೆದ ನಗರದ ಮೇಲೆ ಎತ್ತಿದ ಖಡ್ಗವಾಗುತ್ತದೆ. ಐದು ಕಿರೀಟಗಳನ್ನು ಗೆದ್ದುಕೊಟ್ಟ ಮಿನಿಯಾಪೊಲಿಸ್ಸನ್ನು ತೊರೆದು ಲೇಕರ್ಸ್ 1960ರಲ್ಲಿ ಲಾಸ್ ಏಂಜಲೀಸ್ ಸೇರಿತು. ರಾಚೆಸ್ಟರ್‌ನಲ್ಲಿ ಹುಟ್ಟಿದ ರಾಯಲ್ಸ್ ಸಿನ್ಸಿನಾಟಿಗೆ, ಅಲ್ಲಿಂದ ಕಾನ್ಸಸ್ ಸಿಟಿಗೆ ಹೋಗಿ ಕಿಂಗ್ಸ್ ಎನಿಸಿ, ಕೊನೆಗೆ 1985ರಲ್ಲಿ ಸ್ಯಾಕ್ರಮೆಂಟೊಗೆ ಬಂದು ನಿಂತಿತು. ಕ್ಲಿಪ್ಪರ್ಸ್‌ನ ಒಡೆಯನಂತೂ 1984ರಲ್ಲಿ ಲೀಗ್‌ನ ಅಪ್ಪಣೆಗೂ ಕಾಯದೆ ಸ್ಯಾನ್ ಡಿಯಾಗೋದಿಂದ ಲಾಸ್ ಏಂಜಲೀಸಿಗೆ ತಂಡವನ್ನು ಸಾಗಿಸಿಬಿಟ್ಟ. ಇಂಥ ಜಂಗಮ ರಾಜ್ಯಗಳ ನಡುವೆ ಸ್ಥಾವರವಾಗಿ ನಿಲ್ಲುವ ಹಂಬಲವನ್ನು ಸಿಯಾಟಲ್ ಕಟ್ಟಿಕೊಂಡಿತು.

ಅದರ ಉದಯಕಾಲ ಮಹತ್ವಾಕಾಂಕ್ಷೆಯ ಕಾಲ. 1962ರ ವಿಶ್ವಮೇಳಕ್ಕೆಂದು ನಗರದಲ್ಲಿ ಗಗನಚುಂಬಿಯಾದ ಸ್ಪೇಸ್ ನೀಡಲ್ ಗೋಪುರವನ್ನೂ ಅದರ ಸನಿಹದಲ್ಲೇ ವಿಶಾಲ ಇಳಿಜಾರಿನ ಮಾಡು ಹೊತ್ತ ಸಭಾಮಂಟಪವನ್ನೂ ಎತ್ತಿ ನಿಲ್ಲಿಸಲಾಗಿತ್ತು. ಆ ಮಂಟಪವೇ ಕೊಲಿಸಿಯಂ ಎನಿಸಿ, 1967ರಲ್ಲಿ ಸ್ಯಾಮ್ ಶುಲ್ಮನ್ ಒಡೆತನದಲ್ಲಿ ಜನಿಸಿದ ಹೊಸ ತಂಡಕ್ಕೆ ಆಸ್ಥಾನವಾಯಿತು. ಶಬ್ದವೇಗವನ್ನು ಮೀರುವ ಪ್ರಯಾಣಿಕ ವಿಮಾನವನ್ನು ನಿರ್ಮಿಸಲು ಬೋಯಿಂಗ್ ಕಂಪನಿ ಆಗ ಅದೇ ನಗರದಲ್ಲಿ ಕಂಕಣಬದ್ಧವಾಗಿತ್ತು. ತಂಡಕ್ಕೆ ಹೆಸರು ದೊರೆತದ್ದು ಆ ಸಾಹಸದಿಂದ. 1971ರಲ್ಲಿ ಅಮೆರಿಕದ ಸಂಸತ್ತು ಧನಸಹಾಯ ನಿಲ್ಲಿಸಿದ್ದರಿಂದ ಆ ವಿಮಾನ ಎಂದೂ ಆಗಸಕ್ಕೇರಲಿಲ್ಲ. ಬೋಯಿಂಗ್‌ನ ಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ಕೆಲಸ ಕಳೆದುಕೊಂಡರು, ನಗರದ ಉತ್ಸಾಹವೇ ಉಡುಗಿತು. ಆದರೆ ವಿಮಾನದ ಹೆಸರು ಹೊತ್ತ ತಂಡ ಅಳಿಯಲಿಲ್ಲ. ಸ್ಪೆನ್ಸರ್ ಹೇವುಡ್ ಎಂಬ ತರುಣನನ್ನು ಲೀಗ್‌ನ ನಿಯಮಗಳಿಗೆ ವಿರುದ್ಧವಾಗಿ ತಂಡಕ್ಕೆ ಸೇರಿಸಿಕೊಂಡಿದ್ದ ಶುಲ್ಮನ್ ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋರಾಡಿದ. ಕಾಲೇಜು ವ್ಯಾಸಂಗ ಮುಗಿಯುವ ವರ್ಷದವರೆಗೆ ಆಟಗಾರರನ್ನು ಹೊರಗಿಡುತ್ತಿದ್ದ ಕಟ್ಟಳೆ ಆ ಹೋರಾಟದಿಂದ ಸಡಿಲವಾಯಿತು. ಬಾಲ್ಯದಲ್ಲೇ ಸಾಮ್ರಾಜ್ಯದ ಶಾಸನವನ್ನು ಪ್ರಶ್ನಿಸಿದ ತಂಡವಿದು.

ಅದರ ಸುವರ್ಣಯುಗವನ್ನು ಕಟ್ಟಿದವನು ಲೆನ್ನಿ ವಿಲ್ಕೆನ್ಸ್. ಹಿಂದೆ ಇದೇ ತಂಡದಲ್ಲಿ ಆಟಗಾರನಾಗಿಯೂ ತರಬೇತುದಾರನಾಗಿಯೂ ಎರಡು ಹೊಣೆ ಹೊತ್ತಿದ್ದ ಆತ 1977ರ ನವೆಂಬರಿನಲ್ಲಿ ಮರಳಿ ಚುಕ್ಕಾಣಿ ಹಿಡಿದಾಗ ತಂಡ ಐದು ಪಂದ್ಯಗಳಲ್ಲಿ ಗೆದ್ದು ಹದಿನೇಳರಲ್ಲಿ ಸೋತು ಹೀನಸ್ಥಿತಿಯಲ್ಲಿತ್ತು. ಅದೇ ಸೇನೆಯನ್ನು ಅದೇ ಋತುವಿನ ಅಂತ್ಯಕ್ಕೆ ಆತ ಅಂತಿಮ ಸಮರದ ಏಳನೆಯ ಪಂದ್ಯದವರೆಗೂ ನಡೆಸಿಕೊಂಡು ಹೋದ. ಸ್ವಂತ ನೆಲದಲ್ಲಿ ನಡೆದ ಆ ನಿರ್ಣಾಯಕ ಪಂದ್ಯದಲ್ಲಿ ಡೆನ್ನಿಸ್ ಜಾನ್ಸನ್ ಎಂಬ ಯುವ ಆಟಗಾರ ಬುಟ್ಟಿಯತ್ತ ಹದಿನಾಲ್ಕು ಬಾರಿ ಚೆಂಡೆಸೆದ. ಹದಿನಾಲ್ಕೂ ಗುರಿ ತಪ್ಪಿದವು. ವಾಷಿಂಗ್ಟನ್ ಬುಲೆಟ್ಸ್ ಕಿರೀಟ ಹೊತ್ತೊಯ್ದಿತು. ವರ್ಷ ಉರುಳಿತು, ಅವೇ ಎರಡು ಸೇನೆಗಳು ಮತ್ತೆ ಎದುರುಬದುರಾದವು. ಮೊದಲ ಪಂದ್ಯವನ್ನು ಕೂದಲೆಳೆಯಷ್ಟರಲ್ಲಿ ಸೋತ ಸಿಯಾಟಲ್, ಮುಂದಿನ ನಾಲ್ಕನ್ನೂ ಗೆದ್ದು 1979ರ ಜೂನ್ 1ರಂದು ವೈರಿಯ ನೆಲದಲ್ಲೇ ವಿಜಯಧ್ವಜ ನೆಟ್ಟಿತು. ಗಸ್ ವಿಲಿಯಮ್ಸ್‌ನ ವೇಗ, ಜ್ಯಾಕ್ ಸಿಕ್ಮಾನ ಸ್ಥೈರ್ಯ, ಫ್ರೆಡ್ ಬ್ರೌನ್‌ನ ದೂರದೆಸೆತ ಆ ದಿಗ್ವಿಜಯದ ಅಂಗಗಳಾದರೂ, ಅಂತಿಮ ಸಮರದ ಅತ್ಯುತ್ತಮ ಆಟಗಾರನೆಂಬ ಗೌರವ ಸಂದದ್ದು ಆ ಡೆನ್ನಿಸ್ ಜಾನ್ಸನ್‌ಗೇ. ಮರುವರ್ಷ ಕಿಂಗ್‌ಡೋಮ್ ಎಂಬ ಬೃಹತ್ ಅಂಗಣದಲ್ಲಿ ಪಂದ್ಯವೊಂದಕ್ಕೆ ಸರಾಸರಿ 20 ಸಾವಿರಕ್ಕೂ ಮಿಕ್ಕಿ ಜನ ಸೇರಿದರು. ಒಂದು ನಗರ ತನ್ನನ್ನು ತಾನು ನಂಬಿದ ಕಾಲವದು.

ವೈಭವದ ನಡುವೆಯೂ ವಿಧಿ ಒಂದು ಮುನ್ಸೂಚನೆ ಕೊಡದೆ ಬಿಡಲಿಲ್ಲ. 1986ರ ಜನವರಿ 5ರಂದು ಕೊಲಿಸಿಯಂನಲ್ಲಿ ಫೀನಿಕ್ಸ್ ಸನ್ಸ್ ವಿರುದ್ಧ ಪಂದ್ಯ ನಡೆಯುತ್ತಿದ್ದಾಗ ಮಾಡು ಸೋರತೊಡಗಿತು. ಹೊಳೆಯುವ ಮರದ ನೆಲದ ಮೇಲೆ ಮಳೆಹನಿಗಳು ಬೀಳುತ್ತಲೇ ಇದ್ದವು. ಎಷ್ಟು ಒರೆಸಿದರೂ ನೀರು ನಿಲ್ಲದೆ, ಆಟಗಾರರು ಜಾರತೊಡಗಿದಾಗ ತೀರ್ಪುಗಾರರು ಪಂದ್ಯವನ್ನೇ ನಿಲ್ಲಿಸಿ ಮರುದಿನಕ್ಕೆ ಮುಂದೂಡಿದರು. ನಾಲ್ಕು ಗೋಡೆಗಳ ಒಳಗೆ, ಸೂರಿನ ಕೆಳಗೆ ಆಡುವ ಆಟ ಮಳೆಗೆ ನಿಂತದ್ದು ಎನ್‌ಬಿಎ ಇತಿಹಾಸದಲ್ಲಿ ಅದೇ ಮೊದಲು. ಮುಂದಿನ ಎರಡು ದಶಕಗಳ ರಾಜಕೀಯವೆಲ್ಲ ಆ ಮಾಡಿನ ಸುತ್ತಲೇ ಸುತ್ತಿತು. 1994ರಲ್ಲಿ ನಗರವು ಸಾರ್ವಜನಿಕ ಹಣ ವ್ಯಯಿಸಿ ಕಟ್ಟಡದ ಒಡಲನ್ನು ಬಗೆದು ಪುನರ್ನಿರ್ಮಿಸಿತು. ತಂಡ ಒಂದು ಋತುವನ್ನು ನೆರೆಯ ಟಕೋಮಾದಲ್ಲಿ ಕಳೆದು, 1995ರಲ್ಲಿ ಕೀ ಅರೀನಾ ಎಂಬ ಹೊಸ ಹೆಸರಿನ ಹಳೆಯ ಮನೆಗೆ ಮರಳಿತು.

ಆ ವರ್ಷಗಳಲ್ಲಿ ಜಾರ್ಜ್ ಕಾರ್ಲ್‌ನ ಮಾರ್ಗದರ್ಶನದಲ್ಲಿ, ಗ್ಯಾರಿ ಪೇಟನ್ ಮತ್ತು ಶಾನ್ ಕೆಂಪ್ ಎಂಬ ವೀರದ್ವಯರ ಬಲದಿಂದ ತಂಡ ಎರಡನೆಯ ಅಭ್ಯುದಯ ಕಂಡಿತು. ಮದ ಮತ್ತು ವಿಧಿಗಳ ಸಂಬಂಧವನ್ನು ತಿಳಿಯಬಯಸುವವರು 1994ರ ಮೇ ತಿಂಗಳನ್ನು ನೆನೆಯಬೇಕು. 63 ಪಂದ್ಯ ಗೆದ್ದು ಅಗ್ರಸ್ಥಾನದಲ್ಲಿ ಮೆರೆದ ಸಿಯಾಟಲ್ ಎಂಟನೆಯ ಶ್ರೇಯಾಂಕದ ಡೆನ್ವರ್ ನಗೆಟ್ಸ್‌ಗೆ ಮೊದಲ ಸುತ್ತಿನಲ್ಲೇ ಶರಣಾಯಿತು. ಅಗ್ರನನ್ನು ಎಂಟನೆಯವನು ಕೆಡವಿದ್ದು ಅದೇ ಮೊದಲು. ಡೆನ್ವರ್‌ನ ದೈತ್ಯ ಡಿಕೆಂಬೆ ಮುಟೊಂಬೊ ಸಿಯಾಟಲ್ಲಿನ ನೆಲದ ಮೇಲೆ ಅಂಗಾತ ಮಲಗಿ, ಎರಡೂ ಕೈಗಳಿಂದ ಚೆಂಡನ್ನು ತಲೆಯ ಮೇಲೆ ಅವಚಿ ಹಿಡಿದು ಆನಂದಬಾಷ್ಪ ಸುರಿಸುತ್ತಿದ್ದ ದೃಶ್ಯ ಆ ನಗರದ ಸ್ಮೃತಿಯಿಂದ ಅಳಿದಿಲ್ಲ. ಎರಡು ವರ್ಷಗಳ ತಪಸ್ಸಿನ ಬಳಿಕ, 1996ರಲ್ಲಿ 64 ಪಂದ್ಯ ಗೆದ್ದು ಅದೇ ತಂಡ ಅಂತಿಮ ಸಮರಕ್ಕೇರಿತು. ಎದುರಿಗೆ ಮೈಕೆಲ್ ಜೋರ್ಡನ್ ಸಾರಥ್ಯದ, 72 ಗೆಲುವುಗಳ ಷಿಕಾಗೊ ಬುಲ್ಸ್. ಮೂರು ಪಂದ್ಯ ಸೋತ ಮೇಲೂ ಎದ್ದು ನಿಂತು ಎರಡನ್ನು ಗೆದ್ದ ಸಿಯಾಟಲ್ ಆರನೆಯದರಲ್ಲಿ ಅಸ್ತ್ರ ಕೆಳಗಿಟ್ಟಿತು. ಅದು ಆ ಹೆಸರಿನ ಕೊನೆಯ ಮಹಾಸಮರವೆಂದು ಅಂದು ಯಾರೂ ಊಹಿಸಿರಲಿಲ್ಲ.

ಪತನದ ಬೀಜ ಬಿದ್ದದ್ದು ಅಂಗಣದ ಹೊರಗೆ, ಒಪ್ಪಂದಪತ್ರಗಳ ಕಟ್ಟಿನೊಳಗೆ. ಬ್ಯಾಸ್ಕೆಟ್‌ಬಾಲ್‌ನ ಅರ್ಥವ್ಯವಸ್ಥೆ ಆ ಹೊತ್ತಿಗೆ ತಿರುವು ಪಡೆದಿತ್ತು. ಸಾಮಾನ್ಯ ಪ್ರೇಕ್ಷಕನ ಟಿಕೆಟ್ಟಿಗಿಂತ ಕಂಪನಿಗಳು ವರ್ಷಕ್ಕಿಷ್ಟೆಂದು ಗುತ್ತಿಗೆ ಹಿಡಿಯುವ ಐಷಾರಾಮಿ ಕೊಠಡಿಗಳಿಂದ, ಊಟೋಪಚಾರದಿಂದ, ಜಾಹೀರಾತಿನಿಂದ ಬರುವ ವರಮಾನವೇ ಒಡೆಯರಿಗೆ ಮುಖ್ಯವಾಗಿತ್ತು. ಹಳೆಯ ಮಾಡಿನ ಕೆಳಗೆ ಇಕ್ಕಟ್ಟಾಗಿ ಕುಳಿತ ಕೀ ಅರೀನಾ ಅದಕ್ಕೆ ಸಾಲದೆಂಬ ಗೊಣಗು, ಅದು ಹೊಸದಾಗಿ ಹತ್ತು ವರ್ಷ ತುಂಬುವ ಮೊದಲೇ ಎದ್ದಿತು. 2001ರಲ್ಲಿ ಸ್ಟಾರ್‌ಬಕ್ಸ್‌ನ ಹೋವರ್ಡ್ ಷುಲ್ಟ್ಸ್ ಮುಂದಾಳತ್ವದ ಗುಂಪು ತಂಡವನ್ನು 20 ಕೋಟಿ ಡಾಲರಿಗೆ ಕೊಂಡಿತು. ಕ್ರೀಡಾಂಗಣದ ನವೀಕರಣಕ್ಕೆ ಸರ್ಕಾರದ ಬೊಕ್ಕಸವನ್ನು ಕೇಳಿ ಬರಿಗೈಯಲ್ಲಿ ಮರಳಿದ ಮೇಲೆ, 2006ರ ಜುಲೈನಲ್ಲಿ ಅದೇ ಗುಂಪು ತಂಡವನ್ನು 35 ಕೋಟಿ ಡಾಲರಿಗೆ ಮಾರಿತು. ಕೊಂಡ ಗುಂಪಿನ ಮುಂದಾಳು ಒಕ್ಲಹೋಮಾ ಸಿಟಿಯ ಉದ್ಯಮಿ ಕ್ಲೇ ಬೆನೆಟ್. ತಂಡವನ್ನು ಸಿಯಾಟಲ್ಲಿನಲ್ಲೇ ಉಳಿಸಲು ಒಂದು ವರ್ಷ ಪ್ರಾಮಾಣಿಕ ಯತ್ನ ನಡೆಸುವೆನೆಂಬ ವಚನವೂ ಆ ವಿಕ್ರಯದೊಂದಿಗಿತ್ತು. ಖರೀದಿದಾರನ ಊರಿನ ಹೆಸರು ಕೇಳಿದ ಕ್ಷಣವೇ ನಗರಕ್ಕೆ ಅರ್ಥವಾಗಬೇಕಾದದ್ದು ಅರ್ಥವಾಗಿತ್ತು. ಅಂದಿನಿಂದ ವದಂತಿಗೆ ಹಗಲಿರುಳಿನ ಭೇದವುಳಿಯಲಿಲ್ಲ.

ಗೆದ್ದವರ ಕಥೆಯನ್ನೂ ನ್ಯಾಯವಾಗಿ ಹೇಳುವುದು ಚರಿತ್ರಕಾರನ ಧರ್ಮ. ಒಕ್ಲಹೋಮಾ ಸಿಟಿ ದುರಾಸೆಯ ಊರಾಗಿರಲಿಲ್ಲ, ನೊಂದ ಊರಾಗಿತ್ತು. 1995ರ ಏಪ್ರಿಲ್ 19ರಂದು ಅಲ್ಲಿನ ಕೇಂದ್ರ ಸರ್ಕಾರಿ ಕಟ್ಟಡದ ಮೇಲೆ ನಡೆದ ಬಾಂಬ್ ದಾಳಿಯಲ್ಲಿ 168 ಮಂದಿ ಅಸುನೀಗಿದ್ದರು. ಅದಕ್ಕೂ ಮೊದಲೇ, 1993ರಲ್ಲಿ, ಆ ನಗರದ ಮತದಾರರು ಒಂದು ಸೆಂಟಿನ ಮಾರಾಟ ತೆರಿಗೆಯನ್ನು ತಾವಾಗಿಯೇ ತಲೆಯ ಮೇಲೆ ಹೊತ್ತು ಪುನರುತ್ಥಾನಕ್ಕೆ ನಾಂದಿ ಹಾಡಿದ್ದರು. 2002ರಲ್ಲಿ ತೆರೆದ ಕ್ರೀಡಾಂಗಣ ಆ ತೆರಿಗೆಯ ಫಲ. ತಂಡವಿಲ್ಲದ ಅಂಗಣಕ್ಕೆ 2005ರಲ್ಲಿ ದೈವಯೋಗವೆಂಬಂತೆ ಅತಿಥಿ ಬಂದಿತು. ಕತ್ರೀನಾ ಚಂಡಮಾರುತಕ್ಕೆ ಸಿಲುಕಿದ ನ್ಯೂ ಆರ್ಲಿಯನ್ಸ್‌ನಿಂದ ಹಾರ್ನೆಟ್ಸ್ ತಂಡ ಎರಡು ಋತು ಅಲ್ಲಿ ಆಶ್ರಯ ಪಡೆಯಿತು. ಸಣ್ಣ ಊರು ದೊಡ್ಡ ತಂಡವನ್ನು ಸಾಕಬಲ್ಲದೆಂದು ಕಿಕ್ಕಿರಿದ ಪ್ರೇಕ್ಷಕರು ಸಾಬೀತುಮಾಡಿದರು. ಅತಿಥಿ ತೌರಿಗೆ ಮರಳುವ ಹೊತ್ತಿಗೆ ಆತಿಥೇಯರಿಗೆ ತಮ್ಮದೇ ಆದ ತಂಡದ ಹಸಿವು ಹುಟ್ಟಿತ್ತು.

ಮುಂದಿನ ಎರಡು ವರ್ಷ ವದಂತಿಯ ದಂಡಯಾತ್ರೆ. 2006ರ ನವೆಂಬರಿನಲ್ಲಿ ಸಿಯಾಟಲ್ಲಿನ ಮತದಾರರಲ್ಲಿ ಸುಮಾರು ಮುಕ್ಕಾಲು ಪಾಲು ಜನ, ನಗರದ ಹಣ ಕ್ರೀಡಾಂಗಣಕ್ಕೆ ಹೋಗುವುದಾದರೆ ಅದು ನ್ಯಾಯವಾದ ಪ್ರತಿಫಲ ತರಲೇಬೇಕೆಂಬ ಶಾಸನಕ್ಕೆ ಮುದ್ರೆಯೊತ್ತಿದರು. ಬೆನೆಟ್ ಆದರೋ ಉಪನಗರವಾದ ರೆಂಟನ್‌ನಲ್ಲಿ 50 ಕೋಟಿ ಡಾಲರಿನ ಭವ್ಯ ಅಂಗಣದ ಪ್ರಸ್ತಾಪವಿಟ್ಟ, ಅದರ ಬಹುಪಾಲು ಭಾರವನ್ನು ಜನರ ತೆರಿಗೆಯ ಮೇಲೆ ಹೇರಿ. 2007ರ ವಸಂತದಲ್ಲಿ ವಾಷಿಂಗ್ಟನ್ ರಾಜ್ಯದ ಶಾಸನಸಭೆ ಅದಕ್ಕೆ ಸಮ್ಮತಿಸದೆ ಮುಗಿಯಿತು. ಅದೇ ಜೂನ್‌ನಲ್ಲಿ ತಂಡದ ಧ್ರುವತಾರೆ ರೇ ಆಲನ್‌ನನ್ನು ಬೋಸ್ಟನ್‌ಗೆ ಕೊಡಲಾಯಿತು, ಕೆವಿನ್ ಡುರಾಂಟ್ ಎಂಬ ಹದಿನೆಂಟರ ಕುಮಾರನನ್ನು ಕರೆತರಲಾಯಿತು. ಆಗಸ್ಟ್‌ನಲ್ಲಿ ಒಡೆಯರಲ್ಲೊಬ್ಬನಾದ ಆಬ್ರಿ ಮೆಕ್ಲೆಂಡನ್, ತಂಡವನ್ನು ಸಿಯಾಟಲ್ಲಿನಲ್ಲಿ ಉಳಿಸಲು ತಾವು ಕೊಂಡದ್ದೇ ಅಲ್ಲವೆಂದು ತನ್ನೂರಿನ ಪತ್ರಿಕೆಯೆದುರು ಬಾಯಿಬಿಟ್ಟ. ಲೀಗ್ ಆತನಿಗೆ ಎರಡೂವರೆ ಲಕ್ಷ ಡಾಲರ್ ದಂಡ ವಿಧಿಸಿತು. ಗಮನಿಸಿ: ದಂಡ ಬಿದ್ದದ್ದು ಹುನ್ನಾರಕ್ಕಲ್ಲ, ಆಡಿದ ಮಾತಿಗೆ. ವದಂತಿಯಾಗಿದ್ದಾಗ ಉಪಯುಕ್ತವಾಗಿದ್ದ ಸಂಗತಿ ಸತ್ಯವೆಂದು ಬಯಲಾದೊಡನೆ ಅಪರಾಧವಾಯಿತು. ವರ್ಷದ ಗಡುವು ಮುಗಿದ ಎರಡೇ ದಿನಕ್ಕೆ, ನವೆಂಬರ್ 2ರಂದು, ಸ್ಥಳಾಂತರದ ಇಂಗಿತವನ್ನು ಬೆನೆಟ್ ಲೀಗ್‌ಗೆ ತಿಳಿಸಿದ. ಅತ್ತ ಒಕ್ಲಹೋಮಾ ಸಿಟಿಯ ಜನ 2008ರ ಮಾರ್ಚ್‌ನಲ್ಲಿ ಮತ್ತೆ ಮತಗಟ್ಟೆಗೆ ನಡೆದು, ಅಂಗಣದ ಸುಧಾರಣೆಗೆ ಸುಮಾರು 12 ಕೋಟಿ ಡಾಲರ್ ತೆರಿಗೆ ತೆರಲು ಒಪ್ಪಿದರು.

2008ರ ಏಪ್ರಿಲ್ 13ರಂದು ಸಿಯಾಟಲ್ಲಿನಲ್ಲಿ ಕೊನೆಯ ಪಂದ್ಯ ನಡೆಯಿತು. ಆ ಋತುವಿನಲ್ಲಿ ಕೇವಲ ಇಪ್ಪತ್ತು ಗೆಲುವು ಕಂಡ ದುರ್ಬಲ ಸೇನೆ ಅಂದು ಡಲ್ಲಾಸ್‌ನ ವಿರುದ್ಧ 99-95ರಿಂದ ಜಯ ಸಾಧಿಸಿತು. ತಂಡವನ್ನು ಉಳಿಸಿರೆಂಬ ಘೋಷ ಕೊನೆಯ ನಿಮಿಷಗಳಲ್ಲಿ ಮಾಡು ಮುಟ್ಟಿದಾಗ, ಡುರಾಂಟ್ ತೋಳುಗಳನ್ನೆತ್ತಿ ಇನ್ನೂ ಜೋರಾಗಿ ಎಂದು ಜನರನ್ನು ಹುರಿದುಂಬಿಸಿದ. ಐದು ದಿನಗಳ ಬಳಿಕ ಒಡೆಯರ ಮಂಡಳಿ 28-2 ಮತಗಳಿಂದ ಸ್ಥಳಾಂತರಕ್ಕೆ ಅಸ್ತು ಎಂದಿತು; ವಿರೋಧಿಸಿದವರು ಡಲ್ಲಾಸ್‌ನ ಮಾರ್ಕ್ ಕ್ಯೂಬನ್ ಮತ್ತು ಪೋರ್ಟ್‌ಲ್ಯಾಂಡ್ ತಂಡದ ಒಡೆಯನಾಗಿದ್ದ ಸಿಯಾಟಲ್ಲಿನ ಪುತ್ರ ಪಾಲ್ ಆಲನ್, ಇಬ್ಬರೇ. 2010ರವರೆಗಿನ ಗುತ್ತಿಗೆಯನ್ನು ಪಾಲಿಸಲೇಬೇಕೆಂದು ನಗರ ನ್ಯಾಯಾಲಯದ ಮೆಟ್ಟಿಲೇರಿತ್ತು. ಜುಲೈ 2ರಂದು ತೀರ್ಪು ಹೊರಬೀಳಲು ಕೆಲವೇ ತಾಸುಗಳಿದ್ದಾಗ ಉಭಯ ಪಕ್ಷಗಳು ಸಂಧಾನಕ್ಕೆ ಸಹಿ ಹಾಕಿದವು. ನಗರಕ್ಕೆ 4.5 ಕೋಟಿ ಡಾಲರ್, ಬೆನೆಟ್‌ಗೆ ತಂಡ. ಆದರೆ ಆ ಸಂಧಾನಪತ್ರದಲ್ಲಿ ಸಿಯಾಟಲ್ ಒಂದನ್ನು ಬಿಟ್ಟುಕೊಡಲಿಲ್ಲ. ಸೂಪರ್‌ಸೋನಿಕ್ಸ್ ಎಂಬ ಹೆಸರು, ಹಸಿರು-ಹೊನ್ನಿನ ವರ್ಣಗಳು ಮುಂದೆಂದಾದರೂ ಬರುವ ಸಿಯಾಟಲ್ ತಂಡಕ್ಕೆ ಮೀಸಲಾದವು. 1979ರ ಕಿರೀಟ ನಗರದ ಇತಿಹಾಸ ಸಂಗ್ರಹಾಲಯದ ಪಾಲಾಯಿತು. ಆಟಗಾರರನ್ನು ಸಾಗಿಸಬಹುದು, ಹೆಸರನ್ನು ಸಾಗಿಸಲಾಗದೆಂದು ಕಾಗದದ ಮೇಲೆ ಬರೆಸಿಕೊಂಡ ನಗರವದು. ಮಹಿಳೆಯರ ತಂಡವಾದ ಸ್ಟಾರ್ಮ್ ಕೂಡ ಊರು ಬಿಡಲಿಲ್ಲ. ಸ್ಥಳೀಯ ಮಹಿಳೆಯರ ಗುಂಪೊಂದು ಅದನ್ನು ಅದೇ ವರ್ಷ ಕೊಂಡು ಉಳಿಸಿಕೊಂಡು, ಮುಂದೆ ಮೂರು ಕಿರೀಟಗಳನ್ನು ಅದರ ಮುಡಿಗೇರಿಸಿತು.

ಈ ಇತಿಹಾಸದ ಅತ್ಯಂತ ಕಟುವಾದ ಅಧ್ಯಾಯ ಇನ್ನು ಮುಂದಿದೆ. ತಂಡವಿಲ್ಲದ ಸಿಯಾಟಲ್ ಈಗ ಲೀಗ್‌ನ ಬತ್ತಳಿಕೆಯ ಅತಿ ತೀಕ್ಷ್ಣ ಬಾಣವಾಯಿತು. ಯಾವ ನಗರ ಅಂಗಣಕ್ಕೆ ಹಣ ಕೊಡಲು ಹಿಂಜರಿದರೂ ಅಲ್ಲಿನ ತಂಡ ಸಿಯಾಟಲ್ಲಿಗೆ ಹೋಗುತ್ತದಂತೆ ಎಂಬ ಪಿಸುಮಾತು ಹಬ್ಬುತ್ತಿತ್ತು. 2013ರ ಜನವರಿಯಲ್ಲಿ ಪಿಸುಮಾತು ಕರಾರಿನ ರೂಪ ತಾಳಿತು. ಸಿಯಾಟಲ್ ಮೂಲದ ಹೂಡಿಕೆದಾರ ಕ್ರಿಸ್ ಹ್ಯಾನ್ಸನ್ ಹಾಗೂ ಮೈಕ್ರೋಸಾಫ್ಟ್‌ನ ಸ್ಟೀವ್ ಬಾಲ್ಮರ್ ಸ್ಯಾಕ್ರಮೆಂಟೊ ಕಿಂಗ್ಸ್ ತಂಡವನ್ನು ಕೊಂಡು ತಮ್ಮೂರಿಗೆ ತರಲು ಅದರ ಒಡೆಯರೊಡನೆ ಒಪ್ಪಂದ ಮಾಡಿಕೊಂಡರು. ಐದು ವರ್ಷದ ಹಿಂದೆ ತಾನುಂಡ ನೋವನ್ನು ಸಿಯಾಟಲ್ ಮತ್ತೊಂದು ಊರಿಗೆ ಉಣಬಡಿಸಲು ಸನ್ನದ್ಧವಾಗಿತ್ತು. ಸ್ಯಾಕ್ರಮೆಂಟೊದ ಮೇಯರ್ ಕೆವಿನ್ ಜಾನ್ಸನ್ ಸ್ವತಃ ಹಿಂದಿನ ಎನ್‌ಬಿಎ ಆಟಗಾರ; ಈ ಯುದ್ಧದ ವ್ಯೂಹಗಳನ್ನು ಬಲ್ಲವನು. ಆತ ಹೊಸ ಅಂಗಣಕ್ಕೆ ನಗರಸಭೆಯ ಒಪ್ಪಿಗೆ ಪಡೆದು, ಪ್ರತಿಸ್ಪರ್ಧಿ ಖರೀದಿದಾರರನ್ನು ಒಗ್ಗೂಡಿಸಿ, ಮುಂಬೈಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ತಂತ್ರಾಂಶ ಉದ್ಯಮ ಕಟ್ಟಿದ ವಿವೇಕ್ ರಣದಿವೆಯನ್ನು ಅಗ್ರಭಾಗದಲ್ಲಿ ನಿಲ್ಲಿಸಿದ. ಮೇ 15ರಂದು ಒಡೆಯರ ಮಂಡಳಿ 22-8ರಿಂದ ಸ್ಥಳಾಂತರವನ್ನು ತಿರಸ್ಕರಿಸಿತು. ಸಿಯಾಟಲ್ ತೋರಿದ ದೊಡ್ಡ ಮೊತ್ತವೂ ಕೆಲಸ ಮಾಡಲಿಲ್ಲ. ಭಾರತೀಯ ಮೂಲದವನೊಬ್ಬ ಎನ್‌ಬಿಎ ತಂಡದ ಪ್ರಧಾನ ಒಡೆಯನಾದ ಮೊದಲ ಪ್ರಸಂಗವದು. ಬಾಲ್ಮರ್ ಮರುವರ್ಷ 200 ಕೋಟಿ ಡಾಲರ್ ತೆತ್ತು ಕ್ಲಿಪ್ಪರ್ಸ್ ತಂಡವನ್ನು ಕೊಂಡ. ಅದನ್ನು ಲಾಸ್ ಏಂಜಲೀಸ್ ಪ್ರದೇಶದಲ್ಲೇ ಉಳಿಸಿಕೊಂಡ. ಸಿಯಾಟಲ್ಲಿಗೆ ದಕ್ಕಿದ್ದು ಸೋಲಿಗಿಂತ ಹಿರಿದಾದ ಲಾಭ: ಇನ್ನೊಂದು ಊರಿನ ಶಾಪವನ್ನು ಹೊರುವ ಪಾತಕದಿಂದ ಅದು ಪಾರಾಯಿತು.

ಕಾಲಚಕ್ರ ಮತ್ತೊಂದು ಸುತ್ತು ತಿರುಗಿದೆ. ಥಂಡರ್ ಎಂಬ ಹೆಸರು ತಳೆದ ಒಕ್ಲಹೋಮಾದ ತಂಡ 2025ರ ಜೂನ್ 22ರಂದು ಇಂಡಿಯಾನಾವನ್ನು ಏಳನೆಯ ಪಂದ್ಯದಲ್ಲಿ ಮಣಿಸಿ ಕಿರೀಟ ಧರಿಸಿತು. ಆ ನಗರ ಅದನ್ನು ತನ್ನ ಮೊದಲ ಕಿರೀಟವೆಂದೇ ಕೊಂಡಾಡಿತು. ಸಿಯಾಟಲ್ಲಿನಲ್ಲಾದರೋ, ಅಯೋಗ್ಯವೆಂದು ಜರೆಯಲ್ಪಟ್ಟ ಆ ಹಳೆಯ ಅಂಗಣದ ವಿಷಯದಲ್ಲಿ ವಿಸ್ಮಯವೇ ನಡೆಯಿತು. 1962ರ ಮಾಡನ್ನು ಹಾಗೆಯೇ ಎತ್ತಿ ಹಿಡಿದು, ಅದರ ಕೆಳಗಿನದನ್ನೆಲ್ಲ ಅಗೆದು ತೆಗೆದು, ನೂರು ಕೋಟಿ ಡಾಲರಿಗೂ ಮೀರಿದ ವೆಚ್ಚದಲ್ಲಿ ಹೊಸ ಕ್ರೀಡಾಂಗಣವನ್ನು 2021ರಲ್ಲಿ ತೆರೆಯಲಾಯಿತು. ಹಣ ಹೂಡಿದ್ದು ಬಹುಮಟ್ಟಿಗೆ ಖಾಸಗಿಯವರು. ಆ ಮಾಡಿನ ಕೆಳಗೆ ದೊಡ್ಡ ಆಟ ಅಸಾಧ್ಯ, ಜನರ ತೆರಿಗೆಯಿಲ್ಲದೆ ಹೊಸ ಅಂಗಣ ಅಸಾಧ್ಯ ಎಂದು 2007ರಲ್ಲಿ ಗದ್ದುಗೆಗಳ ಮೇಲಿಂದ ಹೇಳಿದ ಎರಡು ಮಾತುಗಳೂ ಅಲ್ಲಿಗೆ ಸುಳ್ಳಾದವು. ಮತಪೆಟ್ಟಿಗೆಯ ಮುಂದೆ ನಿಂತು ಅಲ್ಲಗಳೆದ ಸಾಮಾನ್ಯ ಪ್ರಜೆಗಳು ತಂಡವನ್ನು ಕಳೆದುಕೊಂಡರು ನಿಜ, ಲೆಕ್ಕದಲ್ಲಿ ಮಾತ್ರ ತಪ್ಪಿರಲಿಲ್ಲ.

ಈಗ ಲೀಗ್‌ನ ವಿಸ್ತರಣೆಯ ಮಾತು ಬಂದಾಗಲೆಲ್ಲ ಲಾಸ್ ವೇಗಸ್‌ನ ಜೊತೆಗೆ ಸಿಯಾಟಲ್ಲಿನ ಹೆಸರು ಮೊದಲ ಸಾಲಿನಲ್ಲೇ ಕೇಳಿಬರುತ್ತದೆ. 35 ಕೋಟಿಗೆ ಕೈಬದಲಾದ ತಂಡದ ಜಾಗ ತುಂಬಲು ನೂರಾರು ಕೋಟಿ ಬೇಕಾದ ಕಾಲವಿದು. 2025ರಲ್ಲಿ ಲೇಕರ್ಸ್ ತಂಡದ ಬೆಲೆಯನ್ನು ಸುಮಾರು 1,000 ಕೋಟಿ ಡಾಲರೆಂದು ಕಟ್ಟಿ ವ್ಯವಹಾರ ನಡೆಯಿತು. ಬೆಲೆ ಏರಿದಷ್ಟೂ ವದಂತಿಯ ಬಲ ಏರುತ್ತದೆ, ಇನ್ನಾವುದೋ ಊರಿನ ಎದೆ ನಡುಗುತ್ತದೆ. ಅಂಥ ಊರುಗಳಿಗೆ ಸಿಯಾಟಲ್ ಬಿಟ್ಟುಹೋದ ರಾಜನೀತಿಯೊಂದಿದೆ. ಒಡೆಯನ ವಚನವನ್ನು ನಂಬುವುದಕ್ಕಿಂತ ಗುತ್ತಿಗೆಯ ಕರಾರನ್ನು ಬಿಗಿ ಮಾಡಿಕೊಳ್ಳಬೇಕು. ಹೆಸರು, ವರ್ಣ, ಕಿರೀಟಗಳನ್ನು ಸುಖದ ದಿನಗಳಲ್ಲೇ ನಗರದ ಹೆಸರಿಗೆ ಬರೆಸಿಕೊಳ್ಳಬೇಕು. ಅಂಗಣ ಅಯೋಗ್ಯವೆಂದು ಯಾರಾದರೂ ಸಾರಿದರೆ ಯಾರ ಲಾಭಕ್ಕೆ ಅಯೋಗ್ಯವೆಂದು ಮರುಪ್ರಶ್ನೆ ಹಾಕಬೇಕು. ಹೀಗೆ ಕೇಳಲು ಧೈರ್ಯವುಳ್ಳ ನಗರ ತಂಡವನ್ನು ಕಳೆದುಕೊಂಡೀತು, ಆದರೆ ತನ್ನ ಚರಿತ್ರೆಯನ್ನು ಹರಾಜಿಗಿಡದು.